ಲೊಂಗಿಯ ಮುಖವಾಡಗಳನ್ನು ನಾನು ಬಿಡಿಸಿದ ಬಗೆ

ವೆನಿಸ್‌ನ ಚಿತ್ರಕಾರ ಪಿಯೆತ್ರೊ ಲೊಂಗಿ 1751ರಲ್ಲಿ ಬಿಡಿಸಿದ ‘ಘೇಂಡಾಮೃಗ’ ಚಿತ್ರವನ್ನು ತೈಲವರ್ಣದಲ್ಲಿ ನಕಲು ಮಾಡಲು ಆರಿಸಿಕೊಂಡೆ. ಚಿತ್ರದಲ್ಲಿರುವುದು ಬಂಗಾಳದ ಕಡೆಯಿಂದ ಡಚ್ ಹಡಗಿನಲ್ಲಿ ಯುರೋಪಿಗೆ ಹೋದ ಕ್ಲಾರಾ ಎಂಬ ಹೆಣ್ಣು ಘೇಂಡಾಮೃಗ. ಹುಲ್ಲು ಮೇಯುತ್ತಿರುವ ಅವಳನ್ನು ವೆನಿಸ್‌ನ ಕಾರ್ನಿವಲ್ ಹಬ್ಬದ ಕಾಲದ ಶ್ರೀಮಂತರು ನೋಡುತ್ತ ನಿಂತಿದ್ದಾರೆ. ನನಗೆ ಬೇಕಿದ್ದದ್ದು ಆ ನೋಡುಗರು, ಅವರ ಮುಖವಾಡಗಳು.

ಕ್ಯಾನ್ವಾಸಿಗೆ ಮೊದಲು ಕೆಂಗಂದು ತಳಬಣ್ಣ ಬಳಿದೆ. ಬಿಳಿ ಬಟ್ಟೆಯ ಮೇಲೆ ನೇರವಾಗಿ ಕಪ್ಪು ಹಚ್ಚಿದರೆ ಅದು ಸತ್ತಂತೆ ಕಾಣುತ್ತದೆ. ಕೆಂಪು ಅಡಿಯಲ್ಲಿದ್ದರೆ ಒಳಗಿನಿಂದ ಬಿಸಿ ಬರುತ್ತದೆ. ಇಲ್ಲಿ ಕಪ್ಪಿನದೇ ದೊಡ್ಡ ಕೆಲಸ. ಮೂರು ಮೂಲೆಯ ಟೋಪಿಯ ಕಪ್ಪು ಒಂದು, ತಲೆ-ಭುಜ ಮುಚ್ಚುವ ರೇಷ್ಮೆ ಮುಸುಕಿನ ಕಪ್ಪು ಇನ್ನೊಂದು, ಹೆಂಗಸರ ‘ಮೊರೆತ್ತಾ’ ಎಂಬ ಮಖಮಲ್ಲಿನ ಮುಖವಾಡದ ಕಪ್ಪು ಬೇರೆಯೇ. ರೇಷ್ಮೆಗೆ ಐವರಿ ಬ್ಲ್ಯಾಕ್ ಜೊತೆ ಒಂದಿಷ್ಟು ನೀಲಿ ಬೆರೆಸಿ ಮಡಿಕೆಯ ಅಂಚಿಗೆ ತೆಳು ಬೂದು ಎಳೆದೆ. ಮಖಮಲ್ಲಿಗೆ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಸೇರಿಸಿ, ಅಂಚುಗಳನ್ನು ಒಣ ಬ್ರಷ್ಷಿನಿಂದ ಉಜ್ಜಿ ಮಸುಕು ಮಾಡಿದೆ. ಮಖಮಲ್ ಬೆಳಕನ್ನು ನುಂಗುತ್ತದೆ, ಅದಕ್ಕೆ ಹೊಳಪು ಕೊಟ್ಟರೆ ಚರ್ಮದಂತಾಗುತ್ತದೆ.

ಮೊರೆತ್ತಾಕ್ಕೆ ಪಟ್ಟಿಯಿಲ್ಲ. ಒಳಗಿರುವ ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು; ಹಾಕಿಕೊಂಡವಳು ಮಾತಾಡುವಂತಿಲ್ಲ. ಇದು ತಿಳಿದ ಮೇಲೆ ಅವಳ ಕತ್ತನ್ನು ನಾನು ಬೇರೆ ಥರ ನೋಡಿದೆ, ಅಲ್ಲಿನ ಬಿಗಿಯನ್ನು ಪೆನ್ಸಿಲ್ಲಿನಲ್ಲೇ ಮೊದಲು ಸರಿಯಾಗಿ ಗುರುತಿಸಿಕೊಂಡೆ.

ಗಂಡಸರ ಬಿಳಿ ಮುಖವಾಡ ಇದಕ್ಕೆ ವಿರುದ್ಧ. ಅದರ ಕೆಳಭಾಗ ಮುಂದಕ್ಕೆ ಚಾಚಿರುವುದರಿಂದ ತೆಗೆಯದೇ ಉಣ್ಣಬಹುದು, ಕುಡಿಯಬಹುದು, ದನಿಯೂ ಬದಲಾಗುತ್ತದೆ. ಆ ಚಾಚು ಕಾಣಬೇಕೆಂದರೆ ಅದರಡಿಯ ನೆರಳು ಗಟ್ಟಿಯಾಗಿರಬೇಕು. ಅಚ್ಚ ಬಿಳಿಯನ್ನು ಹಣೆಯ ಮೇಲೊಂದು ಕಡೆ ಮಾತ್ರ ಇಟ್ಟೆ, ಉಳಿದದ್ದೆಲ್ಲ ರಾ ಅಂಬರ್ ಬೆರೆತ ಬೂದು. ಕಣ್ಣಿನ ತೂತುಗಳಿಗೆ ಕಪ್ಪು ಬಳಸಲಿಲ್ಲ, ಗಾಢ ಕಂದು ತುಂಬಿದೆ. ಒಳಗೊಬ್ಬ ಮನುಷ್ಯನಿದ್ದಾನಲ್ಲ.

ಮುಖ ಮುಚ್ಚಿದ ಮೇಲೆ ಸ್ವಭಾವವನ್ನು ಹೇಳುವುದು ಭುಜ, ಬೆರಳು, ಟೋಪಿ ವಾಲಿರುವ ಕೋನ. ಲೊಂಗಿಯದು ಇದರಲ್ಲಿ ಪಳಗಿದ ಕೈ. ಅವನ ‘ರಿದೊತ್ತೊ’ ಚಿತ್ರಗಳನ್ನೂ ಪಕ್ಕದಲ್ಲಿಟ್ಟುಕೊಂಡಿದ್ದೆ. 1638ರಿಂದ 1774ರವರೆಗೆ ನಡೆದ ಆ ಸರ್ಕಾರಿ ಜೂಜುಮನೆಯಲ್ಲಿ ಆಡುವವರಿಗೆ ಮುಖವಾಡ, ಮೇಜು ನಡೆಸುವ ಕುಲೀನರಿಗೆ ಮಾತ್ರ ಬರಿ ಮುಖ. ಯಾರ ಮುಖ ತೆರೆದಿದೆ ಎಂದು ನೋಡಿದರೇ ಯಾರು ಏನೆಂದು ಗೊತ್ತಾಗುತ್ತದೆ.

ಈಗ ವೆನಿಸ್‌ನವನೇ ಆದ ಜಿಯಾನ್‌ದೊಮೆನಿಕೊ ಟಿಯೆಪೊಲೊನ ‘ಮಿನುಯೆಟ್’ ಚಿತ್ರ ಹಿಡಿದಿದ್ದೇನೆ: ನಡುವೆ ಕುಣಿಯುವ ಜೋಡಿ, ಸುತ್ತ ಕಾರ್ನಿವಲ್ಲಿನ ಗುಂಪು. ಮಿನುಯೆಟ್ ನೃತ್ಯದಲ್ಲಿ ಆರು ಎಣಿಕೆಗೆ ನಾಲ್ಕು ಹೆಜ್ಜೆ. ಹಿಮ್ಮಡಿ ಎದ್ದು ಇಳಿಯುತ್ತಿರುತ್ತದೆ. ಈ ನೃತ್ಯ ಕಲಿಸುವ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ಬರೀ ಪಾದಗಳನ್ನು ಬರೆದುಕೊಂಡೆ. ಹೆಂಗಸಿನ ಪಾದ ಗೌನಿನಡಿ ಹೆಚ್ಚಾಗಿ ಮರೆಯಾಗುವುದರಿಂದ ಚಲನೆಯನ್ನು ಲಂಗದ ಅಂಚೇ ಹೇಳಬೇಕು. ಸದ್ಯ ಆ ಅಂಚಿಗೂ ನೆಲಕ್ಕೂ ನಡುವಿನ ನೆರಳಿನ ಮೇಲೆ ಕೆಲಸ ನಡೆದಿದೆ. ಸುತ್ತಲಿನ ಮುಖವಾಡಗಳನ್ನು ಅದಾದ ಮೇಲೆ ಮುಟ್ಟುತ್ತೇನೆ.