ಹೆಡ್‌ಲೈಟಿಗೆ ರಿಲೇ ಜೋಡಿಸಿದ ಬಗೆ: ನನ್ನ ಅನುಭವ

ನನ್ನ ಹಳೆಯ ಕಾರಿನ ಹೆಡ್‌ಲೈಟ್ ಮಂಕಾಗಿತ್ತು. ಬಲ್ಬ್ ಬದಲಿಸಿದರೂ ಬೆಳಕು ಹಳದಿಯಾಗಿಯೇ ಉಳಿದಾಗ ಮಲ್ಟಿಮೀಟರ್ ಕೈಗೆತ್ತಿಕೊಂಡೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ, ಉರಿಯುತ್ತಿರುವ ಬಲ್ಬಿನ ಹೋಲ್ಡರಿನಲ್ಲಿ 12ಕ್ಕಿಂತ ಸ್ವಲ್ಪ ಕಡಿಮೆ ಇತ್ತು. ಫಿಲಮೆಂಟ್ ಬಲ್ಬಿನಲ್ಲಿ ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ; ಆದ್ದರಿಂದ ಈ ನಷ್ಟ ಸಣ್ಣದಾಗಿರಲಿಲ್ಲ.

ಕಾರಣ ಕರೆಂಟಿನ ದಾರಿಯಲ್ಲಿತ್ತು. 55 ವಾಟಿನ ಎರಡು ಬಲ್ಬುಗಳು ಎಳೆಯುವ ಸುಮಾರು 9 ಆಂಪಿಯರ್ ಕರೆಂಟ್ ಬ್ಯಾಟರಿಯಿಂದ ಹೊರಟು, ಡ್ಯಾಶ್‌ಬೋರ್ಡಿನವರೆಗೆ ತೆಳು ವೈರಿನಲ್ಲಿ ಬಂದು, ಲೈಟ್ ಸ್ವಿಚ್ ಮತ್ತು ಡಿಪ್ಪರ್ ಸ್ವಿಚ್ಚುಗಳನ್ನು ದಾಟಿ ಮತ್ತೆ ಮುಂಭಾಗಕ್ಕೆ ಹೋಗಬೇಕಿತ್ತು. ಸವೆದ ಪ್ರತಿಯೊಂದು ಕಾಂಟ್ಯಾಕ್ಟ್ ತನ್ನ ಪಾಲಿನ ವೋಲ್ಟೇಜನ್ನು ತಿನ್ನುತ್ತಿತ್ತು.

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್; ಅದು ಈ ಹೊರೆಯನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೇಲಿಂದ ಇಳಿಸುತ್ತದೆ. ಅದರ 85 ಮತ್ತು 86ನೇ ಪಿನ್ನುಗಳ ನಡುವೆ ತಾಮ್ರದ ತಂತಿಯ ಕಾಯಿಲ್ ಇರುತ್ತದೆ. ಕಾಯಿಲಿಗೆ ಕರೆಂಟ್ ಸಿಕ್ಕಾಗ ಅದರೊಳಗಿನ ಕಬ್ಬಿಣದ ತಿರುಳು ಅಯಸ್ಕಾಂತವಾಗಿ, ಸ್ಪ್ರಿಂಗ್ ಹಿಡಿದಿರುವ ಸಣ್ಣ ಪಟ್ಟಿಯನ್ನು ಸೆಳೆದು, 30ನೇ ಪಿನ್ನನ್ನು 87ಕ್ಕೆ ಕೂಡಿಸುತ್ತದೆ. ಐದು ಪಿನ್ನಿನ ರಿಲೇಯಲ್ಲಿ, ಕಾಯಿಲಿಗೆ ಕರೆಂಟ್ ಇಲ್ಲದಿರುವಾಗ 30ರ ಸಂಪರ್ಕ 87ಎ ಜೊತೆಗಿರುತ್ತದೆ. ನಾನು ಅಳೆದ ಕಾಯಿಲ್ ಸುಮಾರು 90 ಓಮ್ ತೋರಿಸಿತು. ಎಂದರೆ ಇನ್ನು ಮುಂದೆ ಸ್ವಿಚ್ಚಿನ ಮೂಲಕ ಹರಿಯುವುದು 0.15 ಆಂಪಿಯರ್ ಮಾತ್ರ.

ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು ಎಂದು ಎರಡು ರಿಲೇಗಳನ್ನು ಬಳಸಿದೆ. ಒಂದು ಕೆಟ್ಟರೂ ರಾತ್ರಿ ದಾರಿ ಕಾಣಬೇಕು ಎಂಬುದು ನನ್ನ ಲೆಕ್ಕ. ಬ್ಯಾಟರಿಯ ಪಾಸಿಟಿವಿನಿಂದ ಪ್ರತಿ ರಿಲೇಯ 30ಕ್ಕೆ 2.5 ಚದರ ಮಿಲಿಮೀಟರಿನ ವೈರ್ ಎಳೆದು, ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರದಲ್ಲೇ ಹಾಕಿದೆ, ಏಕೆಂದರೆ ಫ್ಯೂಸಿಗಿಂತ ಮೊದಲಿನ ವೈರ್ ಎಲ್ಲಿಯಾದರೂ ಬಾಡಿಗೆ ತಗುಲಿದರೆ ಅದನ್ನು ಕಾಯುವುದು ಏನೂ ಇರುವುದಿಲ್ಲ. 87ರಿಂದ ಬಲ್ಬುಗಳಿಗೆ ಹೊಸ ವೈರ್ ಹೋಯಿತು. ಮೊದಲು ಬಲ್ಬಿಗೆ ಬರುತ್ತಿದ್ದ ಹಳೆಯ ವೈರ್ 86ಕ್ಕೆ ಸೇರಿತು. 85 ಬಾಡಿ ಅರ್ಥಿಗೆ, ಎಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ಕಾರಿನ ಲೋಹದ ಮೈಗೆ, ಹೋಯಿತು. ಕೆಲವು ವಾಹನಗಳಲ್ಲಿ ಸ್ವಿಚ್ ಪಾಸಿಟಿವನ್ನಲ್ಲ, ಅರ್ಥನ್ನು ಕಡಿಯುತ್ತದೆ. ಅಂಥಲ್ಲಿ ಈ ಜೋಡಣೆ ಹೊಂದುವುದಿಲ್ಲವಾದ್ದರಿಂದ ಮೊದಲೇ ಮೀಟರ್ ಹಿಡಿದು ನೋಡಿಕೊಳ್ಳಬೇಕು. ಬಲ್ಬಿನ ಅರ್ಥ್ ವೈರನ್ನೂ ಬದಲಿಸಿದೆ. ಪಾಸಿಟಿವ್ ಕಡೆ ಎಷ್ಟು ದಪ್ಪ ವೈರ್ ಹಾಕಿದರೂ ಹಿಂದಿರುಗುವ ದಾರಿ ತುಕ್ಕು ಹಿಡಿದಿದ್ದರೆ ಪ್ರಯೋಜನವಿಲ್ಲ.

ಕಾಯಿಲಿಗೆ ಕರೆಂಟ್ ನಿಂತ ಕ್ಷಣದಲ್ಲಿ ಅದರ ಕಾಂತಕ್ಷೇತ್ರ ಕುಸಿದು ನೂರು ವೋಲ್ಟ್ ಮೀರುವ ಹೊಡೆತ ಹುಟ್ಟಬಹುದು. ಅದನ್ನು ತಡೆಯಲು ಕೆಲವು ರಿಲೇಗಳ ಒಳಗೆ ರೆಸಿಸ್ಟರ್, ಇನ್ನು ಕೆಲವುಗಳಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುತ್ತದೆ. ಡಯೋಡ್ ಇರುವ ರಿಲೇಯಲ್ಲಿ ಪಾಸಿಟಿವ್ ಯಾವ ಪಿನ್ನಿಗೆ ಎಂಬುದನ್ನು ಮೈಮೇಲಿನ ಚಿತ್ರ ನೋಡಿಯೇ ಜೋಡಿಸಬೇಕು. ತಿರುವುಮುರುವಾದರೆ ಕರೆಂಟ್ ಡಯೋಡಿನ ಮೂಲಕ ನೇರವಾಗಿ ಹರಿದು ಶಾರ್ಟ್ ಆಗುತ್ತದೆ.

"ಟಕ್" ಎಂಬ ಸದ್ದು ಕೇಳಿಸಿದರೆ ರಿಲೇ ಸರಿಯಿದೆ ಎಂದು ಹಲವರು ನಂಬುತ್ತಾರೆ. ಆ ಸದ್ದು ಪಟ್ಟಿ ಚಲಿಸಿತೆಂದು ಮಾತ್ರ ಹೇಳುತ್ತದೆ, ಕಾಂಟ್ಯಾಕ್ಟಿನ ಸ್ಥಿತಿಯನ್ನಲ್ಲ. ನಾನು ಬಲ್ಬ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು 30ಕ್ಕೂ ಇನ್ನೊಂದನ್ನು 87ಕ್ಕೂ ಇಟ್ಟು ನೋಡುತ್ತೇನೆ. 0.1 ವೋಲ್ಟಿನೊಳಗಿದ್ದರೆ ನಿಶ್ಚಿಂತೆ. 10 ಆಂಪಿಯರಿನಲ್ಲಿ ಅದು ಅರ್ಧ ವೋಲ್ಟಾದರೆ ಆ ಪುಟ್ಟ ಡಬ್ಬಿಯೊಳಗೆ 5 ವಾಟ್ ಶಾಖ ಹುಟ್ಟುತ್ತದೆ, ಸಾಕೆಟ್ಟಿನ ಪ್ಲಾಸ್ಟಿಕ್ ಮೆತ್ತಗಾಗತೊಡಗುತ್ತದೆ. ಅಂಥ ಒಂದು ಹಳೆಯ ರಿಲೇಯನ್ನು ಬಿಚ್ಚಿದಾಗ ಕಾಂಟ್ಯಾಕ್ಟಿನ ನಡುವೆ ಕಪ್ಪು ಗುಳಿ ಬಿದ್ದು, ಅಂಚಿನಲ್ಲಿ ಲೋಹ ಕರಗಿ ಗುಬುಟಾಗಿ ನಿಂತಿತ್ತು. ಅದನ್ನು ಉಜ್ಜಿ ಮತ್ತೆ ಬಳಸುವುದನ್ನು ನಾನು ಒಪ್ಪುವುದಿಲ್ಲ. ಬೆಳ್ಳಿ ಮಿಶ್ರಲೋಹದ ಆ ಪದರ ಉಜ್ಜಿದಷ್ಟೂ ತೆಳುವಾಗುತ್ತದೆ.

ಕೆಲಸ ಮುಗಿದ ಮೇಲೆ ಹೋಲ್ಡರಿನಲ್ಲಿ 13.4 ವೋಲ್ಟ್ ಸಿಕ್ಕಿತು. ರಿಲೇಗಳನ್ನು ಎಂಜಿನ್ನಿನ ಶಾಖದಿಂದ ದೂರವಾಗಿ, ನೀರು ಒಳಗೆ ನಿಲ್ಲದಂತೆ ಪಿನ್ನುಗಳು ಕೆಳಮುಖವಾಗಿರುವಂತೆ ಬಿಗಿದಿದ್ದೇನೆ.