ಮಲೆನಾಡಿನ ಇಳಿಜಾರಲ್ಲಿ ಮನೆ: ಲೈಸೆನ್ಸಿಗೆ ಕಾಣದ ಧರೆ

ಮನೆ ಕಟ್ಟುವ ಲೈಸೆನ್ಸು ಕೈಗೆ ಬಂದ ದಿನ ನಾನು ಕಚೇರಿಯಲ್ಲಿ ಸಿಹಿ ಹಂಚಿ ಬಂದವನು. ಮರುವಾರವೇ ತೀರ್ಥಹಳ್ಳಿ ಕಡೆಯ ನಮ್ಮ ಜಾಗಕ್ಕೆ ಹಿಟಾಚಿ ಬಂತು. ಗುಡ್ಡದ ಬದಿಯನ್ನು ಹದಿನಾಲ್ಕು ಅಡಿ ನೆಟ್ಟಗೆ ಕಡಿಸಿ, ಸಿಕ್ಕ ಮಣ್ಣನ್ನು ಮುಂದಕ್ಕೆ ತಳ್ಳಿಸಿ ಅಂಗಳ ಮಾಡಿಸಿದೆವು. ಹಾಗೆ ಕಡಿದ ಗುಡ್ಡದ ನೆಟ್ಟನೆಯ ಬದಿಗೆ ನಮ್ಮಲ್ಲಿ ಧರೆ ಅನ್ನುತ್ತೇವೆ. ಧರೆಗೆ ಸೈಜುಗಲ್ಲಿನ ಗೋಡೆ ಎದ್ದಿತು. ಪಕ್ಕದ ತೋಟದ ಹಿರಿಯರೊಬ್ಬರು ಕಂಬಳಿ ಹೊದ್ದುಕೊಂಡೇ ಬಂದು ನೋಡಿದರು. "ಗೋಡೆ ಚೆಂದಾಗಿದೆ ಮಾರಾಯ, ನೀರು ಎಲ್ಲಿಂದ ಹೋಗ್ತದೆ?" ಅಂದರು. ನಾನು ನಕ್ಕೆ. ಎರಡನೇ ವರ್ಷದ ಆಶ್ಲೇಷ ಮಳೆಯಲ್ಲಿ ಗೋಡೆಯ ನಡು ಒಂದು ಗೇಣು ಮುಂದಕ್ಕೆ ಉಬ್ಬಿತು. ಆ ರಾತ್ರಿ ಹಿಂದಿನ ಕೋಣೆಯಲ್ಲಿ ಯಾರೂ ಮಲಗಲಿಲ್ಲ.

ಆಮೇಲೆ ಫೈಲು ತೆಗೆದು ನೋಡಿದೆ. ನಕ್ಷೆ ಇತ್ತು, ಚಕ್ಕುಬಂದಿ ಇತ್ತು, ಸುತ್ತ ಬಿಡಬೇಕಾದ ಜಾಗದ ಅಳತೆ ಇತ್ತು. ಹಿಂದೆ ಹದಿನಾಲ್ಕು ಅಡಿಯ ಧರೆ ಇದೆ ಎಂಬ ಸುಳಿವು ಎಲ್ಲೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಂದಿನಿಂದ ಮನೆ ಕಟ್ಟುತ್ತೇನೆಂದು ಬರುವ ನೆಂಟರಿಗೆಲ್ಲ ಹೇಳುತ್ತಿದ್ದೇನೆ: ಕಚೇರಿಯದೊಂದು ಫೈಲು, ಗುಡ್ಡದ್ದೊಂದು ಫೈಲು, ಎರಡನ್ನೂ ಒಟ್ಟಿಗೆ ನಡೆಸಿ. ಯಾವುದರ ಹಿಂದೆ ಯಾವುದು ಬರಬೇಕೆಂಬ ಕ್ರಮ ಇಲ್ಲಿದೆ.

1. ಜಾಗವನ್ನು ಪುಷ್ಯ ಮಳೆಯಲ್ಲಿ ನೋಡಿ

ದಲ್ಲಾಳಿಗಳು ಜಾಗ ತೋರಿಸುವುದು ಜನವರಿ, ಫೆಬ್ರವರಿಯಲ್ಲಿ. ಆಗ ಮಲೆನಾಡಿನ ಎಲ್ಲ ಗುಡ್ಡವೂ ಗಟ್ಟಿಯೇ. ಮುಂಗಡ ಕೊಡುವ ಮೊದಲು ಜುಲೈ ಕೊನೆಯಲ್ಲಿ ಒಮ್ಮೆ ಕೊಡೆ ಹಿಡಿದು ಹೋಗಿ. ಎಲ್ಲಿ ಒರತೆ ಏಳುತ್ತದೆ, ಯಾವ ಕಡೆಯಿಂದ ಕೆಂಪು ನೀರು ಇಳಿಯುತ್ತದೆ, ಮರಗಳ ಬುಡ ಇಳಿಜಾರಿನ ಕಡೆ ಬಾಗಿ ಮೇಲೆ ನೆಟ್ಟಗಾಗಿದೆಯೇ ಎಂದು ನೋಡಿ. ಹಾಗೆ ಬಾಗಿದ್ದರೆ ಮಣ್ಣು ನಿಧಾನಕ್ಕೆ ಜಾರುತ್ತಿರಬಹುದು. ಗುಡ್ಡದ ನೆತ್ತಿಯಲ್ಲಿ ಅಡ್ಡಕ್ಕೆ ಬಿರುಕು ಕಂಡರೆ ಆ ಜಾಗದ ಮಾತು ಅಲ್ಲಿಗೇ ಬಿಡಿ.

ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಎರಡು ಕಡೆಯೂ ಅರ್ಜಿ ನಮೂನೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೊಡಗಿನಲ್ಲಿ ಗುಡ್ಡಗಳು ಜರಿದದ್ದು 2018ರ ಆಗಸ್ಟಿನಲ್ಲಿ, ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕೊಚ್ಚಿಹೋದದ್ದು 2019ರ ಆಗಸ್ಟಿನಲ್ಲಿ, ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಕುಸಿದದ್ದೂ ಅದೇ ಮಳೆಗೆ. ಎರಡು ತಿಂಗಳು ನೀರು ಕುಡಿದ ಮಣ್ಣಿಗೆ ಇನ್ನು ಜಾಗವಿರುವುದಿಲ್ಲ, ಆಗ ಬರುತ್ತದೆ ಆಶ್ಲೇಷ. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಮನೆ ಮತ್ತು ರಸ್ತೆಗಾಗಿ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದರ ಕಡೆಗೂ ಬೊಟ್ಟು ಮಾಡಿತ್ತು. ಭೂಕುಸಿತದ ಸಾಧ್ಯತೆ ಎಲ್ಲಿ ಎಷ್ಟಿದೆ ಎಂಬ ನಕ್ಷೆಯನ್ನೂ ಇದೇ ಸಂಸ್ಥೆ ಮಾಡಿದೆ. ‘ಭೂಕೋಶ್’ ಜಾಲತಾಣದಲ್ಲಿ ನೋಡಲು ಸಿಗುತ್ತದೆ. 1:50,000 ಅಳತೆಯ ನಕ್ಷೆ ಅದು, ನಿಮ್ಮ ಹತ್ತು ಗುಂಟೆ ಅದರಲ್ಲಿ ಒಂದು ಚುಕ್ಕಿ. ಊರಿನ ಮಟ್ಟಿಗೆ ಅಂದಾಜು ಸಿಗುತ್ತದೆ ಅಷ್ಟೆ. ಉಳಿದದ್ದನ್ನು ಕೊಡೆ ಹಿಡಿದೇ ನೋಡಬೇಕು.

2. ಪಹಣಿಯ ಒಳಗೆ ಇಣುಕಿ

ಸ್ವಂತ ಹಿಡುವಳಿಯೋ, ದರಖಾಸ್ತಿನಲ್ಲಿ ಸರ್ಕಾರದಿಂದ ಮಂಜೂರಾಗಿ ಬಂದದ್ದೋ, ಸಾಗುವಳಿಯ ಲೆಕ್ಕಕ್ಕೆ ಬಾರದ ಖರಾಬು ಎಷ್ಟಿದೆ? ‘ಬಿ’ ಖರಾಬು ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ಬೇಸಿಗೆಯಲ್ಲಿ ಒಣಗಿದ ಹಳ್ಳವನ್ನು ಸೇರಿಸಿ ಬೇಲಿ ಹಾಕಿ ಮಾರುವವರಿದ್ದಾರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಕೊಂಡದ್ದು ನಿಲ್ಲುವುದಿಲ್ಲ. ಇನ್ನು ಸೊಪ್ಪಿನಬೆಟ್ಟ. ತಲೆಮಾರಿನಿಂದ ನಾವೇ ಸೊಪ್ಪು, ದರಗು ತಂದಿದ್ದೇವೆ ಎಂಬುದು ನಿಜ. ಆದರೆ ತೋಟಕ್ಕೆ ಸಿಕ್ಕಿರುವುದು ಬಳಸುವ ಸವಲತ್ತು ಮಾತ್ರ, ಜಾಗ ಸರ್ಕಾರದ್ದು. ಅಲ್ಲಿ ಮನೆಗೆ ಪಾಯ ತೆಗೆಯುವಂತಿಲ್ಲ. ಕಾನು, ಅಂದರೆ ನಮ್ಮ ಕಡೆಯ ದಟ್ಟ ಕಾಡು, ಅದೂ ಅಷ್ಟೆ.

ಹೋಟೆಲಿನಲ್ಲಿ ಚಹಾ ಕುಡಿಯುವಾಗ ‘ಕಸ್ತೂರಿರಂಗನ್ ಬಂದರೆ ಮನೆ ರಿಪೇರಿಗೂ ಬಿಡಲ್ಲವಂತೆ’ ಎಂಬ ಮಾತು ಕೇಳಿಬರುತ್ತದೆ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಕಸ್ತೂರಿರಂಗನ್ ಸಮಿತಿ ಕೊಟ್ಟ ವರದಿಯ ಮಾತು ಅದು. ಆ ವರದಿ ಆಧರಿಸಿ ಕೇಂದ್ರ ಹೊರಡಿಸಿದ 2024ರ ಜುಲೈ 31ರ ಕರಡು ಅಧಿಸೂಚನೆಯನ್ನು ಓದಿದರೆ, ತಡೆ ಇರುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಯೋಜನೆಗಳಿಗೆ, ದೊಡ್ಡ ಬಡಾವಣೆಗಳಿಗೆ. ಇರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆಗೆ ಅಡ್ಡಿಯಿಲ್ಲ ಎಂದೇ ಅದು ಹೇಳುತ್ತದೆ. ರಾಜ್ಯ ಸರ್ಕಾರ ವರದಿಯನ್ನು ಒಪ್ಪಿಲ್ಲ, ಆ ಜಗಳ ಬೇರೆ.

3. ಪರಿವರ್ತನೆ ಬೇಕೋ, ತೋಟದ ಮನೆ ಸಾಕೋ?

ಕೃಷಿ ಜಮೀನಿನಲ್ಲಿ ಮನೆ ಕಟ್ಟಬೇಕೆಂದರೆ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ ಆಗಬೇಕು. ಸರ್ವೆ ನಂಬರಿನ ಒಂದು ತುಂಡಿಗೆ ಮಾತ್ರವಾದರೆ ಮೊದಲು ಆ ತುಂಡನ್ನು ಅಳೆದು ಬರೆದ 11ಇ ಸ್ಕೆಚ್ ಮಾಡಿಸಿ. ಸರ್ವೆಯವರು ಬರುವುದು ತಡವಾಗುವುದರಿಂದ ಅದನ್ನೇ ಮೊದಲ ಅರ್ಜಿ ಮಾಡಿ.

ಬೇಸಾಯಗಾರ ತನ್ನ ಜಮೀನಿನಲ್ಲೇ ತೋಟದ ಮನೆ ಕಟ್ಟಿಕೊಳ್ಳಲು ಅದೇ ಕಲಂನಲ್ಲಿ ಅವಕಾಶವಿದೆ. ಮನೆ ಹಿಡುವಳಿಯ ಶೇ 10ನ್ನು ಮೀರಬಾರದು, ವಾಣಿಜ್ಯಕ್ಕೆ ಬಾಡಿಗೆ ಕೊಡಬಾರದು. ತೋಟದ ಮನೆಯೆಂದು ಕಟ್ಟಿ, ಮರುವರ್ಷ ಗೇಟಿಗೆ ಹೋಂಸ್ಟೇ ಬೋರ್ಡು ತೂಗಿಸುವವರು ಈ ಸಾಲನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

4. ಖಾತೆ, ನಕ್ಷೆ, ಲೈಸೆನ್ಸು

ಆಸ್ತಿಯ ದಾಖಲೆಗೆ ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪೇಟೆಯಾದರೆ ಇ-ಆಸ್ತಿ ಖಾತೆ. ಹಳ್ಳಿಯಲ್ಲಿ ಲೈಸೆನ್ಸು ಕೊಡುವುದು ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಅಡಿಯಲ್ಲಿ ಗ್ರಾಮ ಪಂಚಾಯ್ತಿ, ತೀರ್ಥಹಳ್ಳಿ, ಹೊಸನಗರದಲ್ಲಿ ಪಟ್ಟಣ ಪಂಚಾಯ್ತಿ, ಸಾಗರದಲ್ಲಿ ನಗರಸಭೆ, ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆ. ಶಿವಮೊಗ್ಗ, ಭದ್ರಾವತಿಯ ಸುತ್ತಲಿನ ಹಳ್ಳಿಗಳು ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗಿದ್ದರೆ ಪ್ರಾಧಿಕಾರದ ಅನುಮೋದನೆಯೂ ಬೇಕು. ಪಂಚಾಯ್ತಿ ಲೈಸೆನ್ಸೊಂದನ್ನೇ ನಂಬಿ ಅಲ್ಲಿ ಪಾಯ ತೆಗೆದವರು ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಕಂಗಾಲಾಗುತ್ತಾರೆ.

ನಕ್ಷೆ ಬರೆಯುವ ಎಂಜಿನಿಯರಿಗೆ ಒಂದು ಮಾತು ಹೇಳಿ. ಮನೆಯನ್ನು ಮೇಲಿನಿಂದ ನೋಡಿದ ಚಿತ್ರ ಮಾತ್ರ ಸಾಲದು, ಗುಡ್ಡದ ನೆತ್ತಿಯಿಂದ ಕೆಳಗಿನ ಗದ್ದೆಯವರೆಗೆ ಅಡ್ಡ ಸೀಳಿದ ಚಿತ್ರವೂ ಬೇಕು. ಎಷ್ಟು ಕಡಿಯುತ್ತೀರಿ, ಎಷ್ಟು ತುಂಬುತ್ತೀರಿ, ನೀರು ಎಲ್ಲಿಂದ ಎಲ್ಲಿಗೆ, ಎಲ್ಲ ಅದರಲ್ಲಿ ಬರಲಿ. ಕಚೇರಿ ಕೇಳದಿದ್ದರೂ ಬರೆಸಿ. ನನ್ನ ಫೈಲಿನಲ್ಲಿ ಇಲ್ಲದ್ದು ಆ ಒಂದು ಹಾಳೆ.

5. ಧರೆ

ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಗುದ್ದಲಿಗೂ ಬಗ್ಗದು. ಅದರ ಕೆಳಗೆ ಬಿಳಿ, ನಸುಗೆಂಪು ಬಣ್ಣದ ಶೇಡಿ ಮಣ್ಣಿನ ಪದರವಿರುತ್ತದೆ. ನೀರು ತಾಗಿದರೆ ಅದು ಸಾಬೂನು. ಧರೆ ಕಡಿಯುವಾಗ ಶೇಡಿ ಕಂಡಿತೋ, ಹಿಟಾಚಿ ನಿಲ್ಲಿಸಿ ಎಂಜಿನಿಯರನ್ನು ಕರೆಸಿ. ಗಂಟೆ ಲೆಕ್ಕದ ಬಾಡಿಗೆ ಓಡುತ್ತಿದೆಯೆಂದು ಮುಂದುವರಿಸಬೇಡಿ. ನಾನು ಮಾಡಿದ್ದು ಅದನ್ನೇ.

ಎತ್ತರ ಹೆಚ್ಚಿದ್ದರೆ ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ. ಮನೆಯ ಹಿಂಗೋಡೆಗೂ ಧರೆಗೂ ನಡುವೆ ಧರೆಯ ಎತ್ತರದಷ್ಟಾದರೂ ಜಾಗ ಬಿಡಿ. ಇದು ಕಾನೂನಲ್ಲ, ನನ್ನ ಲೆಕ್ಕ. ಧರೆಯ ನೆತ್ತಿಯ ಮೇಲೆ, ಅಂಚಿನಿಂದ ತುಸು ಹಿಂದೆ, ಅಡ್ಡಕ್ಕೊಂದು ಚರಂಡಿ ತೆಗೆದು ಸಿಮೆಂಟು ಬಳಿಸಿ. ಅಡಿಕೆ ತೋಟದಲ್ಲಿ ಕಪ್ಪು (ನೀರು ಬಸಿಯುವ ಕಾಲುವೆ) ತೆಗೆಯುವ ಜನಕ್ಕೆ ಇದನ್ನು ಕಲಿಸಬೇಕಾಗಿಲ್ಲ, ಮನೆ ಕಟ್ಟುವಾಗ ಮಾತ್ರ ಮರೆತುಬಿಡುತ್ತೇವೆ. ಸಿಮೆಂಟು ಬಳಿಯದ ಚರಂಡಿ ನೀರನ್ನು ಧರೆಯೊಳಕ್ಕೇ ಇಂಗಿಸುತ್ತದೆ, ಅದಕ್ಕಿಂತ ಚರಂಡಿಯೇ ಇಲ್ಲದಿರುವುದು ಮೇಲು. ಶೌಚದ ಇಂಗುಗುಂಡಿಯನ್ನಂತೂ ಧರೆಯ ಮೇಲ್ಭಾಗದಲ್ಲಿ ತೋಡಲೇಬಾರದು.

ಗೋಡೆಯ ವಿಷಯ. ಹತ್ತು ಅಡಿ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೂ ಸುಮಾರು ನಾಲ್ಕೂವರೆ ಟನ್ನಿನ ಒತ್ತಡ. ಮಣ್ಣಿನ ಒತ್ತಡ ಬೇರೆ. ಹಾಗಾಗಿ ನೀರನ್ನು ತಡೆಯುವ ಗೋಡೆ ಕಟ್ಟಬಾರದು, ನೀರನ್ನು ಬಿಟ್ಟುಕೊಟ್ಟು ಮಣ್ಣನ್ನು ಹಿಡಿಯುವ ಗೋಡೆ ಕಟ್ಟಬೇಕು. ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ, ಐದಡಿಗೊಂದರಂತೆ ಸಾಲಾಗಿ ಮೂರಿಂಚಿನ ಪೈಪು, ಪೈಪಿನ ಬಾಯಿ ಹೊರಕ್ಕೆ ತುಸು ತಗ್ಗಾಗಿ. ನಮ್ಮ ಮೇಸ್ತ್ರಿ ಪೈಪು ಇಟ್ಟಿದ್ದ, ಇಲ್ಲವೆಂದಲ್ಲ. ಹಿಂದೆ ಜಲ್ಲಿ ಹಾಕದೆ ಕೆಂಪು ಮಣ್ಣನ್ನೇ ತುಂಬಿದ್ದ. ಉಬ್ಬಿದ ಗೋಡೆ ಬಿಚ್ಚಿಸಿದಾಗ ಒಂದೊಂದು ಪೈಪೂ ತುದಿಯಿಂದ ತುದಿಗೆ ಮಣ್ಣು ಗಿಡಿದುಕೊಂಡು ಇಟ್ಟಿಗೆಯಂತಾಗಿತ್ತು.

ಕಡಿದ ಮಣ್ಣು ತುಂಬಿ ಮಾಡಿದ ಅಂಗಳದ ಮೇಲೆ ಪಾಯ ಇಡಬೇಡಿ. ಅರ್ಧ ಮನೆ ಹಳೆ ಮಣ್ಣಿನ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ ಎರಡು ಮಳೆಗಾಲದೊಳಗೆ ನಡುವೆ ಬಿರುಕು ಬರುತ್ತದೆ. ಕಂಬದ ಗುಂಡಿ ಹಳೆ ಮಣ್ಣು ಮುಟ್ಟುವವರೆಗೆ ಇಳಿಯಲಿ.

6. ಮಾಡು (ಛಾವಣಿ) ಹಾರದಂತೆ ಹಿಡಿದುಕೊಳ್ಳಿ

ಹಳೆಯ ಹಂಚಿನ ಮಾಡು ತನ್ನ ಭಾರದಲ್ಲೇ ಕೂರುತ್ತಿತ್ತು. ಈಗ ಆರ್‌ಸಿಸಿ ಹಾಕಿ, ಸೋರುತ್ತದೆಂದು ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತೇವೆ. ಗಾಳಿಯ ಲೆಕ್ಕಕ್ಕೆ ಐಎಸ್ 875 ಎಂಬ ಭಾರತೀಯ ಮಾನಕ ಸಂಹಿತೆಯ 3ನೇ ಭಾಗವಿದೆ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗ. 33 ಮೀಟರ್ ಗಾಳಿಯ ಒತ್ತಡವೇ ಚದರ ಮೀಟರಿಗೆ 65 ಕಿಲೋ ಮೇಲೆ ಬರುತ್ತದೆ, ಶೀಟಿನ ತೂಕ ನಾಲ್ಕೈದು ಕಿಲೋ. ಗುಡ್ಡದ ನೆತ್ತಿಯಲ್ಲಿ ಗಾಳಿಯ ವೇಗವನ್ನು 1.36 ಪಟ್ಟಿನವರೆಗೂ ಹೆಚ್ಚಿಸಿ ಲೆಕ್ಕ ಹಾಕಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು 1.8 ಪಟ್ಟು ದಾಟುತ್ತದೆ. ನೋಟ ಚೆಂದ ಎಂದು ನೆತ್ತಿಯಲ್ಲೇ ಮನೆ ಕಟ್ಟುವವರು ಈ ಲೆಕ್ಕ ಕೇಳಿ ಪಡೆಯಿರಿ. ಕಂಬದ ಬುಡವನ್ನು ಪ್ಯಾರಾಪೆಟ್ಟಿನ ಇಟ್ಟಿಗೆಗೆ ಬೋಲ್ಟು ಮಾಡಿಸಬೇಡಿ, ಕೆಳಗಿನ ಕಾಂಕ್ರೀಟಿಗೆ ಹಿಡಿಸಿ.

ನಮ್ಮ ಚಿಕ್ಕಪ್ಪನ ಮಗ ಅಮೆರಿಕದ ಫ್ಲಾರಿಡಾದಲ್ಲಿದ್ದಾನೆ, ಚಂಡಮಾರುತದ ನಾಡು. ಅಲ್ಲಿ 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ಅಪ್ಪಳಿಸಿದಾಗ ಮಾಡಿನ ಹಲಗೆ ಹಾರಿಹೋದ ಮನೆಗಳನ್ನು ನೋಡಿದರೆ, ಎಷ್ಟೋ ಕಡೆ ಮೊಳೆ ಕೆಳಗಿನ ಮರಕ್ಕೆ ತಾಗಿಯೇ ಇರಲಿಲ್ಲ. ನಿಯಮ ಆಗಲೂ ಇತ್ತು, ನೋಡುವವರು ಇರಲಿಲ್ಲ. ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ 2002ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಚಿಕ್ಕಪ್ಪನ ಮಗ ತನ್ನ ಮನೆಗೆ ಒಂದು ಕೋಣೆ ಸೇರಿಸುವಾಗ ಪಾಯಕ್ಕೆ ಕಾಂಕ್ರೀಟು ಹಾಕುವ ಮೊದಲು ಒಬ್ಬ ಇನ್‌ಸ್ಪೆಕ್ಟರ್ ಬಂದು ಕಂಬಿ ನೋಡಿದನಂತೆ, ಮಾಡು ಮುಚ್ಚುವ ಮೊದಲು ಮತ್ತೆ ಬಂದು ಮೊಳೆ ನೋಡಿದನಂತೆ. "ಅವನು ಸಹಿ ಹಾಕೋವರೆಗೆ ಕೆಲಸದವರು ಕೈ ಕಟ್ಟಿ ಕೂತಿದ್ರು ಅಣ್ಣಯ್ಯ" ಎಂದು ಫೋನಿನಲ್ಲಿ ಗೊಣಗಿದ. ನನಗೆ ಹೊಟ್ಟೆಕಿಚ್ಚಾಯಿತು.

7. ಆ ಇನ್‌ಸ್ಪೆಕ್ಟರ್ ನೀವೇ ಆಗಿ

ನಮ್ಮಲ್ಲಿ ಲೈಸೆನ್ಸು ಕೊಟ್ಟ ಮೇಲೆ ಹಳ್ಳಿಯ ಮನೆಗೆ ಯಾರಾದರೂ ನೋಡಲು ಬರುವುದು ಅಪರೂಪ. ಎಂಜಿನಿಯರಿಗೆ ನಕ್ಷೆಯ ದುಡ್ಡಷ್ಟೇ ಕೊಟ್ಟು ಬಿಡಬೇಡಿ, ನಾಲ್ಕು ಭೇಟಿಯ ದುಡ್ಡನ್ನೂ ಸೇರಿಸಿ ಮಾತಾಡಿ: ಪಾಯದ ಗುಂಡಿ ತೋಡಿದಾಗ, ಧರೆಗೋಡೆಯ ಬೆನ್ನಿಗೆ ಜಲ್ಲಿ ತುಂಬುವಾಗ, ಸ್ಲ್ಯಾಬಿನ ಕಂಬಿ ಕಟ್ಟಿದಾಗ, ಶೀಟಿಗೆ ಸ್ಕ್ರೂ ಹೊಡೆಯುವಾಗ. ನಾಲ್ಕರಲ್ಲಿ ಎರಡಕ್ಕೇ ಬರಲಾಗುವುದಾದರೆ ಮೊದಲೆರಡನ್ನು ಆರಿಸಿಕೊಳ್ಳಿ. ಮಣ್ಣಿನೊಳಗೆ ಹೋದದ್ದನ್ನು ಆಮೇಲೆ ಯಾರೂ ನೋಡಲಾಗದು. ಪ್ರತಿ ಹಂತದ ಫೋಟೊ ಇಟ್ಟುಕೊಳ್ಳಿ. ಮಣ್ಣು ಕೆಲಸವೆಲ್ಲ ಮೇ ಹದಿನೈದರೊಳಗೆ ಮುಗಿಯಬೇಕು. 2021ರಲ್ಲಿ ತೌಕ್ತೆ ಚಂಡಮಾರುತ ಮೇ ಮಧ್ಯದಲ್ಲೇ ಬಂದು ಸುರಿದಾಗ ತೆರೆದ ಪಾಯಗಳೆಲ್ಲ ಕೆರೆಯಾಗಿದ್ದವು.

8. ಕರೆಂಟು, ಸೆಸ್ಸು

ಕಟ್ಟುವ ವೆಚ್ಚ ಸ್ವಂತ ವಾಸದ ಮನೆಗೆ ಇಟ್ಟಿರುವ ವಿನಾಯಿತಿ ಮಿತಿಯನ್ನು ದಾಟಿದರೆ ಕಾರ್ಮಿಕ ಸೆಸ್ ಕಟ್ಟಬೇಕು. ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದ ಮೇಲೆ ಎಸ್ಕಾಂಗಳು, ಅಂದರೆ ಕರೆಂಟು ಕೊಡುವ ಕಂಪನಿಗಳು, ಬಿಗಿಯಾಗಿವೆ. ಸಣ್ಣ ಮನೆಗಳ ವಿನಾಯಿತಿ ನಿಮಗೆ ಸಿಗುತ್ತದೆಯೇ ಎಂದು ಪಾಯ ತೆಗೆಯುವಾಗಲೇ ಮೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಿ, ಗೃಹಪ್ರವೇಶದ ಕಾರ್ಡು ಅಚ್ಚಾದ ಮೇಲಲ್ಲ.

9. ಮೊದಲ ಮಳೆಗೆ ಒಂದು ಸುತ್ತು

ಒಕ್ಕಲಾದ ಮೊದಲ ಮಳೆಗಾಲ ಜೋರು ಮಳೆಯಿರುವಾಗಲೇ ಹೊರಗೆ ಹೋಗಿ ಧರೆಗೋಡೆಯ ಪೈಪುಗಳನ್ನು ನೋಡಿ. ತಿಳಿ ನೀರು ಬಂದರೆ ಸರಿ. ಕೆಂಪು ನೀರು ಬಂದರೆ ಒಳಗೆ ಮಣ್ಣು ಕರಗುತ್ತಿದೆ ಎಂದರ್ಥ. ಏನೂ ಬಾರದಿದ್ದರೆ ಇನ್ನೂ ಕೆಟ್ಟದ್ದು. ಎರಡನೇ ಸಲ ಕಟ್ಟಿಸಿದ ನಮ್ಮ ಗೋಡೆಗೆ ಏಳು ಪೈಪಿವೆ. ನಿನ್ನೆ ಸಂಜೆ ಐದರಲ್ಲಿ ನೀರು ಹರಿಯುತ್ತಿತ್ತು. ಉಳಿದೆರಡಕ್ಕೆ ಮಳೆ ಸ್ವಲ್ಪ ಹೊಳವಾದ ಕೂಡಲೇ ಸರಳು ತೂರಿಸಬೇಕು.