ಒಂದೇ ಷಡ್ಜಕ್ಕೆ ಕಟ್ಟಿದ ಹಾರ್ಮೋನಿಯಂ

ನಾನು ಹಾರ್ಮೋನಿಯಂ ನುಡಿಸುತ್ತೇನೆ, ಆದರೆ ಪಕ್ಕವಾದ್ಯಕ್ಕೆ ಕೂರುವುದಿಲ್ಲ. ವಾದ್ಯದ ರೀಡುಗಳನ್ನು, ಅಂದರೆ ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಲೋಹದ ನಾಲಿಗೆಗಳನ್ನು, ಒಂದೇ ಷಡ್ಜಕ್ಕೆ (ಆಧಾರ ಸ್ವರವಾದ 'ಸ'ಕ್ಕೆ) ಹೊಂದುವಂತೆ ನಾನೇ ಶ್ರುತಿ ಮಾಡಿಕೊಂಡು, ಎರಡು ಮೂರು ಸ್ವರಗಳನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ, ತಾಳವಿಲ್ಲದ ರಚನೆಗಳನ್ನು ಮನೆಯಲ್ಲೇ ನುಡಿಸಿ ಧ್ವನಿಮುದ್ರಿಸುತ್ತೇನೆ. ಇವನ್ನು ಕೇಳುವವರು ಬೆರಳೆಣಿಕೆಯ ಮಂದಿ. ಮುಖ್ಯಧಾರೆಯಿಂದ ದೂರ ಉಳಿಯಬೇಕೆಂಬ ಹಟದಿಂದ ಈ ದಾರಿ ಹಿಡಿದದ್ದಲ್ಲ. ಗಾಂಧಾರವೊಂದನ್ನು ('ಗ' ಸ್ವರವನ್ನು) ಮನದಣಿಯೆ ಕೇಳಬೇಕೆಂಬ ಆಸೆಯ ಹಿಂದೆ ಹೋದಾಗ ವಾದ್ಯವೇ ನನ್ನನ್ನು ಇಲ್ಲಿಗೆ ತಂದಿತು.

ಸಾಮಾನ್ಯ ಹಾರ್ಮೋನಿಯಂನಲ್ಲಿ ಸಪ್ತಕವನ್ನು (ಒಂದು 'ಸ'ದಿಂದ ಮೇಲಿನ 'ಸ'ವರೆಗಿನ ಅಂತರವನ್ನು) 12 ಸಮ ಭಾಗಗಳಾಗಿ ಹಂಚಲಾಗುತ್ತದೆ. ಪ್ರತಿ ಭಾಗವನ್ನು 100 ಸೆಂಟ್ ಎಂದು ಅಳೆದರೆ ಷಡ್ಜದಿಂದ ಗಾಂಧಾರಕ್ಕೆ 400 ಸೆಂಟ್ ಆಗುತ್ತದೆ. ಆದರೆ ತಂಬೂರಿಯ ಷಡ್ಜದೊಳಗಿಂದ ತಾನಾಗಿ ಹೊಮ್ಮುವ ಗಾಂಧಾರ, ಅಂದರೆ ಷಡ್ಜದೊಂದಿಗೆ ಕಂಪನಸಂಖ್ಯೆಯಲ್ಲಿ 5:4ರ ಅನುಪಾತದಲ್ಲಿರುವುದು, ಸುಮಾರು 386 ಸೆಂಟಿನಲ್ಲಿದೆ. ಈ 14 ಸೆಂಟಿನ ಅಂತರ ವೇಗವಾಗಿ ನುಡಿಸುವಾಗ ಗಮನಕ್ಕೆ ಬಾರದೆ ಹೋಗಬಹುದು. ಎರಡು ಸ್ವರಗಳನ್ನು ಒತ್ತಿ ಹಿಡಿದು ತಿದಿಯನ್ನು ನಿಧಾನವಾಗಿ ಹಾಕುತ್ತ ಕುಳಿತರೆ ಮಾತ್ರ ಬೇರೆಯೇ ಸಂಗತಿ ಕೇಳುತ್ತದೆ. 261.6 ಹರ್ಟ್ಸ್‌ನ ಷಡ್ಜದ ಐದನೆಯ ಸಂಗತ ಸ್ವರವೂ (ಮೂಲ ಕಂಪನದ ಐದು ಪಟ್ಟು ವೇಗದ್ದು) 329.6 ಹರ್ಟ್ಸ್‌ನ ಗಾಂಧಾರದ ನಾಲ್ಕನೆಯ ಸಂಗತ ಸ್ವರವೂ ಒಂದರ ಪಕ್ಕ ಒಂದು ಬಂದು, ಕೂಡದೆ, ಸೆಕೆಂಡಿಗೆ ಸುಮಾರು ಹತ್ತು ಬಾರಿ ನಡುಗುತ್ತವೆ. ಆ ನಡುಕವನ್ನು ಒಮ್ಮೆ ಗುರುತಿಸಿದ ಕಿವಿಗೆ ಅದನ್ನು ಮರೆಯುವುದು ಸಾಧ್ಯವಿಲ್ಲ.

ಹಾರ್ಮೋನಿಯಂ ಬಗೆಗಿನ ಈ ಆಕ್ಷೇಪ ಹಳೆಯದು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಈ ವಾದ್ಯವನ್ನು ತನ್ನ ಪ್ರಸಾರದಿಂದ ಹೊರಗಿಟ್ಟ ಕಾಲದ ವಾಗ್ವಾದಗಳಲ್ಲಿ ಅದರ ಶ್ರುತಿಯ ದೋಷವೂ ಗಮಕ (ಸ್ವರವನ್ನು ಅಲುಗಿಸಿ, ಜಾರಿಸಿ ಅಲಂಕರಿಸುವುದು) ನುಡಿಸಲಾಗದ ಕೊರತೆಯೂ ಮುಖ್ಯವಾಗಿದ್ದವು. 1971ರಲ್ಲಷ್ಟೇ ಆ ನಿರ್ಬಂಧ ಸಡಿಲಗೊಂಡಿತು. ಗಮಕದ ಕೊರತೆಯನ್ನು ರೀಡಿನ ವಾದ್ಯದಲ್ಲಿ ನೀಗಿಸಲಾಗದು. ಶ್ರುತಿಯನ್ನು ತಿದ್ದಬಹುದು, ಮತ್ತು ಅದಕ್ಕೆ ಬೇಕಾದ ಸಲಕರಣೆಗಳು ತೀರ ಸರಳ: ಒಂದು ಸಣ್ಣ ಅರ, ರೀಡಿನ ಅಡಿಗೆ ಆಸರೆಯಾಗಿ ತೂರಿಸಲು ತೆಳುವಾದ ಲೋಹದ ಪಟ್ಟಿ, ಮತ್ತು ಶ್ರುತಿ ಅಳೆಯುವ ಯಂತ್ರ.

ರೀಡು ಎಂದರೆ ಒಂದು ತುದಿಯಲ್ಲಿ ಬಿಗಿದು ಇನ್ನೊಂದು ತುದಿಯನ್ನು ಗಾಳಿಗೆ ಬಿಟ್ಟ ಹಿತ್ತಾಳೆಯ ನಾಲಿಗೆ. ಅದರ ತುದಿಯನ್ನು ಉಜ್ಜಿ ತೆಳುಗೊಳಿಸಿದರೆ ತೂಕ ಇಳಿದು ಸ್ವರ ಏರುತ್ತದೆ. ಬುಡದ ಬಳಿ ಉಜ್ಜಿದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಗಾಂಧಾರವನ್ನು ಇಳಿಸಬೇಕಾದ್ದರಿಂದ ಬುಡದಲ್ಲೇ ಕೆಲಸ. ಅರವನ್ನು ಹಗುರವಾಗಿ ಒಂದೆರಡು ಸಲ ಎಳೆದು ನಿಲ್ಲಿಸುತ್ತೇನೆ, ಏಕೆಂದರೆ ಉಜ್ಜಿದಾಗ ಬಿಸಿಯಾದ ಹಿತ್ತಾಳೆ ಇರುವುದಕ್ಕಿಂತ ಕೆಳಗಿನ ಸ್ವರವನ್ನು ತೋರಿಸುತ್ತದೆ; ಅದು ತಣಿಯುವವರೆಗೆ ಕಾಯಬೇಕು. ಬಳಿಕ ರೀಡು ಹಲಗೆಯನ್ನು ಪೆಟ್ಟಿಗೆಯೊಳಗೆ ಮತ್ತೆ ಕೂರಿಸಿ, ನುಡಿಸುವಾಗ ಇರುವಷ್ಟೇ ಗಾಳಿಯ ಒತ್ತಡದಲ್ಲಿ ಕೇಳಬೇಕು. ಒತ್ತಡ ಹೆಚ್ಚಿದರೆ ರೀಡಿನ ಸ್ವರ ಕೊಂಚ ಕುಸಿಯುತ್ತದೆ, ಹೊರಗೆ ಸರಿಯಿದ್ದ ರೀಡು ಒಳಗೆ ಸರಿಯಿರುತ್ತದೆಂಬ ಭರವಸೆಯೂ ಇಲ್ಲ. ಯಂತ್ರವನ್ನು ನಾನು ಗುರಿಯ ಹತ್ತಿರ ಬರುವವರೆಗೆ ಮಾತ್ರ ನೋಡುತ್ತೇನೆ. ಆಮೇಲೆ ಕಿವಿಯ ಕೆಲಸ: ನಡುಕ ಸೆಕೆಂಡಿಗೆ ಐದಕ್ಕೆ, ಎರಡಕ್ಕೆ, ಒಂದಕ್ಕೆ ಇಳಿಯುತ್ತ ಕೊನೆಗೆ ಎರಡು ಸ್ವರಗಳ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಪಂಚಮಕ್ಕೆ ಎರಡೇ ಸೆಂಟ್ ಏರಿಸಿದರೆ ಸಾಕು. ಧೈವತವನ್ನು ಸುಮಾರು 16 ಸೆಂಟ್ ಇಳಿಸಬೇಕು.

ಹೀಗೆ ತಿದ್ದಿದ ವಾದ್ಯಕ್ಕೆ ಒಂದೇ ಷಡ್ಜ. ನನ್ನ ವಾದ್ಯದಲ್ಲಿ ಚತುಃಶ್ರುತಿ ರಿಷಭ 9:8ರಲ್ಲೂ ಧೈವತ 5:3ರಲ್ಲೂ ಇವೆ. ಎರಡೂ ಷಡ್ಜಕ್ಕೆ ಸೊಗಸಾಗಿ ಹೊಂದುತ್ತವೆ. ಆದರೆ ಯಾರಾದರೂ ಆ ರಿಷಭವನ್ನೇ ಷಡ್ಜವಾಗಿಟ್ಟುಕೊಂಡು ಹಾಡಲು ಕುಳಿತರೆ ಅವರ ಪಂಚಮ 702ರ ಬದಲು ಸುಮಾರು 680 ಸೆಂಟಿನಲ್ಲಿ ಸಿಗುತ್ತದೆ, ಮತ್ತು ಅದನ್ನು ಯಾವ ಗಾಯಕರೂ ಸಹಿಸಲಾರರು. ಬೇರೆ ಬೇರೆ ಶ್ರುತಿಯ ಗಾಯಕರಿಗೆ ಜೊತೆ ಕೊಡುವುದೇ ಹಾರ್ಮೋನಿಯಂ ವಾದಕರ ಮುಖ್ಯ ಕಸುಬಾಗಿರುವಾಗ, ಈ ವಾದ್ಯವನ್ನು ಎತ್ತಿಕೊಂಡು ಕಛೇರಿಗೆ ಹೋಗುವಂತಿಲ್ಲ. ಜೀವನಕ್ಕೆ ಬೇರೆ ಉದ್ಯೋಗವಿರುವುದರಿಂದ ಈ ಬಾಗಿಲು ಮುಚ್ಚಿಕೊಂಡದ್ದನ್ನು ನಾನು ನೆಮ್ಮದಿಯಿಂದಲೇ ಒಪ್ಪಿಕೊಂಡೆ, ಆ 680 ಸೆಂಟಿನ ಇಕ್ಕಟ್ಟಾದ ಪಂಚಮವನ್ನೇ ಒಂದು ರಚನೆಯ ನಡುವಿಗೆ ತಂದು ಕೂರಿಸಿದೆ. ಅದರ ಒರಟು ಕೇಳಿದ ಮೇಲೆ ಷಡ್ಜ-ಗಾಂಧಾರಗಳ ಜೋಡಿ ಎಷ್ಟು ತಿಳಿಯಾಗಿದೆಯೆಂದು ಕೇಳುಗರಿಗೆ ಹೇಳಿಕೊಡಬೇಕಾಗಿಲ್ಲ.

ಈ ಹಾದಿಯಲ್ಲಿ ಧೈರ್ಯ ಕೊಟ್ಟ ಇಬ್ಬರನ್ನು ಹೆಸರಿಸಲೇಬೇಕು. ಮೆಕ್ಸಿಕೊ ನಗರದಲ್ಲಿ ನೆಲೆಸಿದ ಸಂಗೀತ ಸಂಯೋಜಕ ಕಾನ್ಲನ್ ನ್ಯಾನ್‌ಕಾರೊ, ಮನುಷ್ಯರ ಬೆರಳಿಗೆ ಎಟುಕದ ಲಯಗಳಿಗಾಗಿ ಸ್ವಯಂಚಾಲಿತ ಪಿಯಾನೊದ ಕಾಗದದ ಸುರುಳಿಗಳಲ್ಲಿ ಕೈಯಾರೆ ರಂಧ್ರ ಕೊರೆಯುತ್ತ ದಶಕಗಳನ್ನು ಕಳೆದರು. ವ್ಯಾಪಕ ಮನ್ನಣೆ ಅವರನ್ನು ಮುಟ್ಟಿದ್ದು ಇಳಿವಯಸ್ಸಿನಲ್ಲಿ. ಫ್ರಾನ್ಸಿನ ಸಂಯೋಜಕಿ ಎಲಿಯಾನ್ ರಾದಿಗ್ ಎಆರ್‌ಪಿ 2500 ಸಿಂಥಸೈಜರ್ (ವಿದ್ಯುತ್ತಿನಿಂದ ಧ್ವನಿ ಹುಟ್ಟಿಸುವ ವಾದ್ಯ) ಒಂದನ್ನೇ ನೆಚ್ಚಿಕೊಂಡು, ಬದಲಾವಣೆ ಗೊತ್ತೇ ಆಗದಷ್ಟು ನಿಧಾನವಾಗಿ ಸಾಗುವ ಸಂಗೀತವನ್ನು ವರ್ಷಗಟ್ಟಲೆ ಒಬ್ಬರೇ ಟೇಪಿನ ಮೇಲೆ ಕಟ್ಟಿದರು. ಇಬ್ಬರೂ ತಮ್ಮ ಸಾಧನದ ಮಿತಿಯನ್ನು ಆಳವಾಗಿ ಅರಿತಿದ್ದರು. ನನಗೆ ಮಾದರಿಯೆನಿಸುವುದು ಅವರ ಏಕಾಂತಕ್ಕಿಂತ ಹೆಚ್ಚಾಗಿ ಆ ಅರಿವು.

ಧ್ವನಿಮುದ್ರಣವನ್ನು ರಾತ್ರಿ ಮಾಡುತ್ತೇನೆ. ನಿಲ್ಲಬೇಕಾದ ಸ್ವರಗಳ ಮೇಲೆ ಚಿಕ್ಕ ತೂಕಗಳನ್ನಿಟ್ಟು, ಮೈಕನ್ನು ಒಂದು ತೋಳಿನಷ್ಟು ದೂರದಲ್ಲಿರಿಸುತ್ತೇನೆ. ಇನ್ನೂ ಹತ್ತಿರ ತಂದರೆ ತಿದಿಯ ಸದ್ದು ಸ್ವರವನ್ನು ಮೀರುತ್ತದೆ, ದೂರ ಒಯ್ದರೆ ಕೋಣೆಯ ಗುಂಯ್ ಎನ್ನುವಿಕೆ ನಡುಕದ ವಿವರಗಳನ್ನು ನುಂಗುತ್ತದೆ. ಧ್ವನಿಯ ಏರಿಳಿತಗಳನ್ನು ಸಮಗೊಳಿಸುವ ಕಂಪ್ರೆಸರ್ ಅನ್ನು ನಾನು ಬಳಸುವುದೇ ಇಲ್ಲ. ಎರಡು ಸ್ವರಗಳ ನಡುವಿನ ನಡುಕ ಎಂಬುದೇ ಒಂದು ಏರಿಳಿತ; ಅದನ್ನು ಸಪಾಟು ಮಾಡಿದರೆ ಇಷ್ಟು ಉಜ್ಜಿದ್ದರ ಫಲವೇ ಅಳಿಸಿಹೋಗುತ್ತದೆ.

ಈಗ ಎರಡನೆಯ ವಾದ್ಯವೊಂದರ ಕೆಲಸ ನಡೆದಿದೆ. ಅದರ ಕೋಮಲ ನಿಷಾದವನ್ನು 7:4ರ ಅನುಪಾತಕ್ಕೆ, ಅಂದರೆ 1000ದಿಂದ ಸುಮಾರು 969 ಸೆಂಟಿಗೆ ಇಳಿಸುತ್ತಿದ್ದೇನೆ. ಒಂದೇ ರೀಡಿನಲ್ಲಿ 31 ಸೆಂಟಿನ ಇಳಿತ ದೊಡ್ಡದು, ಬುಡವನ್ನು ಅತಿಯಾಗಿ ಕೊರೆದರೆ ನಾಲಿಗೆ ಮುರಿಯುವ ಅಪಾಯವಿದೆ. ಹಾಗಾಗಿ ಬುಡದ ಒಂದೇ ಜಾಗದಲ್ಲಿ ಉಜ್ಜದೆ, ಅಲ್ಲಿಂದ ಮೇಲಕ್ಕೆ ಸ್ವಲ್ಪ ದೂರದವರೆಗೆ ಸಮನಾಗಿ ಹರಡಿ, ಪ್ರತಿ ಸುತ್ತಿನ ನಂತರ ರೀಡನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಶ್ರುತಿ ನೋಡಿದ ಮೇಲೆಯೇ ಮುಂದುವರಿಯುತ್ತೇನೆ.